ನಾಲ್ಕು ಮನಿ, ಎರಡು ತತ್ತಿ

ಜುಟ್ಟಿನ ಹೆಣ್ಣನ್ನ ಗಿಡಗ ಒಯ್ದ ದಿನ
ಅಪ್ಪ ಗಾದಿ ಹೊಲಿಯೋದು ಬಿಟ್ಟು
ಮಾಳಿಗಿ ಮ್ಯಾಲ ಸಂಜೀತನಕ ಕುಂತ,
ಉಪ್ಪಲಿ ಬುರುಜಿನ ಕಡೆ ಮುಖ ಮಾಡಿ,
ಹುಬ್ಬಿಗೆ ಹತ್ತಿದ ಹತ್ತಿ ಸೈತ ಒರಸದ.
"ಹೋತು. ನಮ್ಮ ಗೂಡಿನ ಜುಟ್ಟ ಹೋತು."

ಹೋಗಿಲ್ಲಪ್ಪ, ಅಂದೆ.
ಅದರ ಎರಡು ಮರಿ ಬೆಳದು ನಿಂತಾವಲ್ಲ, ಬೋಳುತಲಿಯವು,
ಅವುಗಳೊಳಗ ಕುಂತೈತಿ ಉಸಿರು ಹಿಡಕೊಂಡು.

ನೀರಿನ ಟಾಕಿ ಗ್ವಾಡಿಗೆ ಇದ್ದಲಿಲೆ ನಾಲ್ಕು ಮನಿ ಬರದೆ,
ಚೌಕಾಬಾರದ ಹಂಗ.
ಕಾಲೇಜಿನಾಗ ದೊಡ್ಡಕ್ಷರ ಸಣ್ಣಕ್ಷರ ಅಂತಾರ,
ನಮ್ಮ ಲಿಪಿಗೆ ಅಂಥ ದೊಡ್ಡಸ್ತಿಕಿ ಇಲ್ಲ;
ಅದಕ್ಕ ಬೋಳಿಗೆ ದೀರ್ಘ 'ಜೂ', ಜುಟ್ಟಿಗೆ ಹ್ರಸ್ವ 'ಜು'.
ದೀರ್ಘ ಬಾಜೂಕ ಇದ್ದರ ಹ್ರಸ್ವದ ದನಿ ಕೇಳಂಗಿಲ್ಲ.
ಸಂಧಿಯೊಳಗಾದರ ಎರಡು ಹ್ರಸ್ವ ಕೂಡಿ ದೀರ್ಘ ಆಗತೈತಿ,
ಇಲ್ಲಿ ಕೂಡಿದಾಗನ ಹ್ರಸ್ವಕ್ಕ ಬಾಯಿ ಬರತೈತಿ.
ಆ ಅಣ್ಣ-ತಂಗೀನ ಒಂದ ಗೂಡಿಗೆ ಬಿಡು,
ನಾಲ್ಕರಾಗ ಒಂದು ಮನಿ ಜುಟ್ಟಿಂದು.

ಅಪ್ಪ ಎಣಿಸಿದ.
"ಪಾರಿವಾಳ ಇಡೋದು ಎರಡ ತತ್ತಿ.
ಉಳದೆರಡು ಮನಿ ಬಾಡಿಗಿಗೆ ಕೊಡ್ತೀ ಏನ?"

ಮೊದಲ ಸಲ ಎರಡೂ ಬೋಳು.
ಎರಡನೇ ಸಲ ಒಂದು ಕೊಳೀತು, ಒಂದು ಬೋಳು.
"ಹಂಗಾರ ಈ ಸಲ ಜುಟ್ಟಿನ ಪಾಳಿ, ಖರೆ?"
ಪಾಳಿ ಇಲ್ಲಪ್ಪ. ಕವಡಿಗೆ ಹಿಂದಿನ ಆಟ ನೆನಪಿರಂಗಿಲ್ಲ.

ಅಣ್ಣ ಮೌಲಾಲಿ ಕೆಂಪು ಅರಬಿ ಬೀಸಾಕತ್ತಿದ್ದ.
ಅಪ್ಪನ ಸಿಳ್ಳಿಗೆ ಒಂದು ಸುತ್ತು ಹೆಚ್ಚ ಹೊಡದು ಇಳಿಯೋ ಹಕ್ಕಿ
ಅವನ ಅರಬಿಗೆ ಅಲ್ಲಿಂದಲ್ಲೇ ಇಳೀತಾವ.
ಹುಟ್ಟಿದಾಗಿಂದ ಕಿವಿ ಕೇಳಂಗಿಲ್ಲ ಅವಗ.

ಅಪ್ಪ ಗ್ವಾಡಿ ನೋಡಿದ. ಅವನ್ನ ನೋಡಿದ. ಮತ್ತ ಗ್ವಾಡಿ.
"ಈ ಬೋಳು ಎರಡಕ್ಕೂ ಗೊತ್ತಿರಂಗಿಲ್ಲಲ್ಲ,
ತಮ್ಮೊಳಗ ಏನೈತಿ ಅಂತ?"
ಇಲ್ಲ.
"ನಿಮ್ಮವ್ವ ನನ್ನ ಸ್ವಾದರತ್ತಿ ಮಗಳು."

ನಾ ಅದನ್ನ ಬರದಿದ್ದಿಲ್ಲ.
ಎಲ್ಲಾ ಕಿವುಡು ಹಿಂಗ ಬರತೈತಿ ಅಂತಲ್ಲ, ಅಂದೆ,
ಹಿಂಗ ಇದ್ದಿರಬಹುದು, ಅಷ್ಟ.
ಹತ್ತೊಂಬತ್ತು ವರ್ಷ ನಮ್ಮ ಮನ್ಯಾಗ ಬ್ಯಾರೇನ ಲೆಕ್ಕ ಇತ್ತು:
ತುಂಬಿದ ಬಸರಿ, ಸೂರ್ಯಗ ಗ್ರಹಣ,
ಅವ್ವ ಈಳಿಗಿ ಮುಂದ ಕುಂತು ಉಳ್ಳಾಗಡ್ಡಿ ಹೆಚ್ಚಿದಳಂತ.
ಅಜ್ಜಿ ಅಂದಳು, ಓಣಿ ಅಂತು.
ಅಪ್ಪ ಅಂದಿದ್ದಿಲ್ಲ. ಅಲ್ಲ ಅಂತನೂ ಅಂದಿದ್ದಿಲ್ಲ.

ಇದ್ದಲಿ ಇಸಗೊಂಡ.
ಚೌಕದ ಎಡಕ್ಕ, ಗಂಡಿನ ಅಕ್ಷರ ನಿಂತಲ್ಲಿ,
ಆ ಸಣ್ಣ 'ಜು' ಮ್ಯಾಲ ತಿದ್ದಿದ, ತಿದ್ದಿದ,
ಇದ್ದಲಿ ಮುರಿಯೂತನಕ.

ಕೆಳಗ ಅವ್ವ ಅಕ್ಕಿ ಆರಸಾಕತ್ತಿದ್ದಳು.
"ಹುಸೇನಬಿ, ಅದು ನೀ ಉಳ್ಳಾಗಡ್ಡಿ ಹೆಚ್ಚಿದ್ದಕ್ಕ ಅಲ್ಲಂತ."
ಅವ್ವ ತಲಿ ಎತ್ತಲಿಲ್ಲ. ಒಂದು ಹಳ್ಳು ತಗದು ಒಗದಳು.
"ಉಳ್ಳಾಗಡ್ಡಿ ಅಲ್ಲ, ಹೀರಿಕಾಯಿ.
ನಿಮ್ಮವ್ವಗ ಹಸಿವಾಗಿತ್ತು."

ಅಪ್ಪ ಅಲ್ಲೇ ಕುಂತ.
ಸ್ವಲ್ಪ ಹೊತ್ತಿಗೆ ಮರದಾಗ ಅವನ ಬಟ್ಟೂ ಆಡಾಕತ್ತಿದ್ವು.

ಮೂರನೇ ಸಲದ ತತ್ತಿಗೆ ಅವತ್ತ ಹದಿನೆಂಟನೇ ದಿನ.
ಜುಟ್ಟೈತೋ ಇಲ್ಲೋ, ಪುಕ್ಕ ಬರೂತನಕ ತಿಳಿಯಂಗಿಲ್ಲ.
ಮೌಲಾಲಿ ಒಂದೊಂದ ತತ್ತಿ ಗಲ್ಲಕ್ಕ ಹಿಡದು
ಕಣ್ಣು ಮುಚ್ಚಿ ನಿಂತ,
ಒಳಗಿನ ಕುಟುಕು ಕೇಳಾಕ.
ಆಮ್ಯಾಲ ನನ್ನ ಕಡೆ ತಿರುಗಿ
ಎರಡು ಬಟ್ಟು ಎತ್ತಿದ.