ಹಿಂದಿನ ರೀಡಿಂಗ್

ನಾನು ಮೀಟರ್ ಓದಾಂವ.
ಗದಗಿನ್ಯಾಗ ರೋಣ ರಸ್ತೆದ ಕಡಿ ಲೇಔಟು,
ಇನ್ನೂರಾ ಹನ್ನೊಂದು ಮನಿ, ತಿಂಗಳಿಗೊಮ್ಮೆ.
ಬೀಗ ಇದ್ದರ ‘ಬಾಗಿಲು ಮುಚ್ಚಿದೆ’ ಅಂತ ಬರದು
ಮುಂದಿನ ಮನಿಗೆ ಹೋಗತೀನಿ.
ತಗದಿದ್ದರ ನೀರು ಕೇಳತೀನಿ, ಗ್ವಾಡಿ ನೋಡತೀನಿ.

ಮಂದಿ ಬಿರುಕಿಗೆ ಕ್ಯಾಲೆಂಡರ್ ತೂಗಬಿಟ್ಟಾರ.
ಒಂದ ಗ್ವಾಡಿಗೆ ನಾಕು ಕ್ಯಾಲೆಂಡರ್ ಇದ್ದರ
ಹಿಂದ ಏನೈತಿ ಅಂತ ಕೇಳಬಾರದು.
ಹೊಸಳ್ಳಿಯವರ ಸೊಸಿ ಪ್ಲಾಸ್ಟಿಕ್ ಬಳ್ಳಿ ಹಬ್ಬಿಸ್ಯಾಳ
ಬಾಗಲ ಮೂಲಿಂದ ಓರೆಯಾಗಿ ಮ್ಯಾಲಕ್ಕ.
ಆ ದಾರಿ ಬಳ್ಳಿ ಆರಿಸಿದ್ದಲ್ಲ.

ನಮ್ಮನಿ ನೂರಾ ಎಂಬತ್ನಾಕು.
ತೋರಣದ ಎಲಿ ಇನ್ನಾ ಉದುರಿದ್ದಿಲ್ಲ,
ಅಡಗಿಮನಿ ಕಿಟಕಿ ಮೂಲ್ಯಾಗ ಒಂದು ಕೂದಲು ಕಂಡು
ನೀಲಗಂಗಾ ಸೆರಗಿಲೆ ಒರಿಸಿದಳು.
ಮತ್ತ ಒರಿಸಿದಳು.

ದಾವಲಸಾಬ ಬಂದ, ಕಟ್ಟಿದ ಗೌಂಡಿ.
ಉಗುರು ಹಾಕಿ ನೋಡಿದ. ‘ಗ್ವಾಡಿದೇನೂ ತಪ್ಪಿಲ್ರೀ.
ಗರಸು ಹತ್ತೂತನ ತಗಿಯೂಣು, ಆರು ಫೂಟು, ಅಂದಿದ್ದೆ.
ಎರಿ ಐತಿ ಅಂದಿದ್ದೆ.
ನೀವು ಮೂರಕ್ಕ ಸಾಕಂದ್ರಿ.’

ಖರೇನ. ಉಳದ ಮೂರು ಫೂಟಿನ ರೊಕ್ಕದಾಗ
ಹಾಲಿಗೆ ಕನ್ನಡಿಯಂಥಾ ಟೈಲ್ಸ್ ಬಂದಾವು.
ತಲಿ ಬಗ್ಗಿಸಿದರ ಅದರಾಗ ನನ್ನ ಮಾರಿ.

ಹೋಗಾಗ ಪೆನ್ಸಿಲ್ ಇಸಗೊಂಡು
ಬಿರುಕಿನ ತುದಿಗೆ ಒಂದು ಗೆರಿ ಎಳದ.
‘ತಾರೀಖು ಹಾಕ್ಕೋತ ಹೋಗ್ರಿ.
ನಿಮಗ ಕಲಿಸಬೇಕೇನು?’

ಜನವರಿ ಹದಿನಾರು: ಒಂದು ಗೇಣು.
ಫೆಬ್ರವರಿ ಒಂಬತ್ತು: ಗೇಣು, ಮ್ಯಾಲ ನಾಕು ಬಟ್ಟು.
ಮಾರ್ಚಿನ್ಯಾಗ ಕಿಟಕಿ ಬಿಟ್ಟು ಸಜ್ಜಾದ ಕಡೆ ಹೊಳ್ಳಿತು.
ಈ ತಿಂಗಳದರಾಗ ಹಿಂದಿನ ತಿಂಗಳು ಕಳದು
ಬಂದ ಯುನಿಟ್ಟು ಯಾರ ಹೆಸರಿಗೆ ಬರೀಲಿ?

ಏಪ್ರಿಲ್ ಕಡಿಗೆ ಒಂದು ರೂಪಾಯಿ ನಿಂದರತಿತ್ತು ಅದರಾಗ.
ಚೌಕಟ್ಟು ಸೊಟ್ಟಾಗಿ ಬಚ್ಚಲ ಬಾಗಲಾ ಹಾಕವಲ್ದು.
ಮಗಳು ಜಳಕಕ್ಕ ಹೋದರ
ಅವ್ವ ಹೊರಗ ಕುಂತು ಬಾಗಲಾ ಹಿಡಕೊಂಡು
ಏನರ ಹಾಡ್ಕೋತ ಇರತಾಳ,
‘ಇಲ್ಲೇ ಅದೀನಿ’ ಅನ್ನೂದಕ್ಕ ಬದ್ಲಿ.

ದುಂಡವ್ವ ಮನಿ ಮನಿಗೆ ರೊಟ್ಟಿ ಬಡದು ಕೊಡಾಕಿ.
ಇದೆಲ್ಲಾ ಹತ್ತಿ ಹೊಲ ಇದ್ದಾಗ ಇಲ್ಲೇ ಕಸಾ ತಗದಾಕಿ.
ಗ್ವಾಡಿ ನೋಡಿ, ಬಾಯಾಗಿನ ಎಲಿ ಒಂದು ಕಡೆ ಸರಿಸಿ ನಕ್ಕಳು:
‘ಇದನ್ನೇನು ಬಿರುಕು ಅಂತೀರೋ ಯಪ್ಪಾ!
ಒಂದು ಬ್ಯಾಸಿಗ್ಯಾಗ ನನ್ನ ಕುರ್ಚಿಗಿ ನೆಲದ ಬಾಯಾಗ ಬಿತ್ತು,
ಬಾರಕೋಲು ಇಳಿಬಿಟ್ಟರೂ ತಳ ಹತ್ತಲಿಲ್ಲ.
ಇಲ್ಲೇ ಎಲ್ಲೋ ಐತಿ, ನಿಮ್ಮ ಒಲಿ ಬುಡಕ್ಕೋ,
ದೇವರ ಜಗಲಿ ಬುಡಕ್ಕೋ.
ಸಿಕ್ಕರ ಕೊಡ್ರಿ. ಜಾಲಿ ಹಿಡಿ, ಚಲೋ ಇತ್ತು.’

ಅವತ್ತ ರಾತ್ರಿ ನಿದ್ದಿ ಇಲ್ಲ.
ಮ್ಯಾಲ ನಾನು, ನನ್ನ ಬುಡಕ ಟೈಲ್ಸು, ಮೂರು ಫೂಟು ಕಲ್ಲು,
ಅದರ ಬುಡಕ ಒಂದು ಕುರ್ಚಿಗಿ,
ಹಲ್ಲು ಮ್ಯಾಲಾಗಿ ಬಿದ್ದಿತ್ತೋ ಕೆಳಗಾಗಿಯೋ.

ಮಿರಗಾ ಸುಮ್ಮನ ಹೋತು. ಆರಿದ್ರಿ ಹಿಡೀತು.
ಗಾಡಿ ಗಾಲಿಗೆ ಎರಿ ಮೆತ್ತಿ ತಿರುಗವಲ್ದಾಗಿ
ಮೂರು ದಿನ ನಡಕೋತ ಮೀಟರ್ ಓದಿದೆ.
ಜುಲೈ ಹತ್ತಕ್ಕ ಪೆನ್ಸಿಲ್ ಹಿಡಕೊಂಡು ಹೋದರ
ಬಿರುಕು ಸಜ್ಜಾ ಬಿಟ್ಟು, ಕಿಟಕಿ ಬಿಟ್ಟು
ಮತ್ತ ಕೂದಲಾಗಿತ್ತು.
ನನ್ನ ತಾರೀಖಷ್ಟ ನಿಂತಿದ್ದವು,
ಊರು ಎದ್ದು ಹೋದ ಮ್ಯಾಲ ಉಳದ ಮೈಲಿಗಲ್ಲಿನ ಹಂಗ.

ಇಪ್ಪತ್ತೊಂದು ವರ್ಷದಾಗ
ಹಿಂದಕ್ಕ ತಿರುಗಿದ ಮೀಟರ್ ನಾ ನೋಡಿಲ್ಲ.
ಹಂಗೇನರ ಇದ್ದರ ‘ದೋಷ’ ಅಂತ ಬರದು ಬದಲಿ ಮಾಡತೀವಿ.
ನೆಲ ಬದಲಿ ಮಾಡೋ ಆಫೀಸು ಎಲ್ಲೈತಿ?

ನೀಲಗಂಗಾ ಪುಟ್ಟಿ ಡಬ್ಬಿ ತಂದಿಟ್ಟಾಳ.
ದಾವಲಸಾಬ ಫೋನಿನ್ಯಾಗ ಬ್ಯಾಡಂದ:
‘ತಾನ ಮುಚ್ಚಿದ ಬಾಯಿ ತಾನ ತಗೀತೈತ್ರಿ,
ತುರಿಕಿದರ ಇನ್ನೊಂದು ಕಡೆ ಹರೀತೈತಿ.
ಮತ್ತೊಂದು ಬ್ಯಾಸಿಗಿ ನೋಡ್ರಿ.’

ಒಳಗ ಬಚ್ಚಲ ಚಿಲಕಾ ಬಿದ್ದ ಸಪ್ಪಳಾತು.
ಆರು ತಿಂಗಳಿಗೆ ಇದು ಮೊದಲ.
ಹೊರಗ ಅವ್ವ ಕುಂತ ಅದಾಳ, ಹಾಡಕೋತ, ರೂಢಿ.

ಹಿಂದಿನ ರೀಡಿಂಗ್ ನಾವು ಅಳಸೂದಿಲ್ಲ, ಅದು ರೂಲು.
ಅದರ ಬುಡಕ ಜುಲೈ ಹತ್ತು ಅಂತ ಹಾಕಿ
ಬರದೆ:
ಬಾಗಿಲು ಮುಚ್ಚಿದೆ.