ಕಂಡದ್ದಷ್ಟ ಬರಿ

ವಾಸ್ಕೋದಿಂದ ಮಡಗಾಂವಿಗೆ ಏಳು ಇಪ್ಪತ್ತರ ಕದಂಬ ಬಸ್ಸು.
ತೊಡಿ ಮ್ಯಾಲೆ ಚೀಲ, ಚೀಲದಾಗ
ಖಾಲಿ ಬೆಂಕಿಪೆಟ್ಟಿಗಿ, ಬಾಟಲಿ ಮುಚ್ಚಳ ನೂರಾ ಎಂಟು,
ಗಂಡನ ಹಳೇ ಲುಂಗಿ ಹೊಲದು ಮಾಡಿದ ಆನಿ.
ಸೊಂಡಿಲು ಇನ್ನೂ ತುಂಬಬೇಕು.
ಬಾಜೂಕ ಕುಂತ ಮೀನ ಮಾರಾಕಿ ಕೇಳ್ತಾಳ,
ಎಷ್ಟು ಮಕ್ಕಳು ನಿನಗ?
ಒಂದು, ಅಂತೀನಿ. ಚೀಲ ನೋಡ್ತಾಳ. ನಂಬೂದಿಲ್ಲ.

ಮೂವತ್ತೊಂಬತ್ತು ನನಗ. ಕ್ಲಾಸಿನಾಗ ಉಳದವರಿಗೆ ಇಪ್ಪತ್ತು, ಇಪ್ಪತ್ತೆರಡು.
ಹತ್ತು ವರ್ಷ ಝುವಾರಿನಗರದ ಬಾಲವಾಡಿಯೊಳಗ ಆಯಾ ಇದ್ದೆ,
ಮೂಗು ಒರಸಿ, ಚಡ್ಡಿ ತೊಳದು, ಉಪ್ಪಿಟ್ಟು ಬಡಿಸಿ.
ಕಾಗದ ಇಲ್ಲದವರು ಇನ್ನ ಮಕ್ಕಳ ಮುಂದ ನಿಲ್ಲೂಹಂಗಿಲ್ಲ
ಅಂತ ಟ್ರಸ್ಟಿನವರು ಅಂದಾಗ ನಗು ಬಂತು.
ಇಷ್ಟು ದಿನ ನಾ ಎಲ್ಲಿ ನಿಂತಿದ್ದೆ? ಹಿಂದ?

ಒಫೀಲಿಯಾ ಟೀಚರ್ ಮೊದಲ ದಿನ ಕೊಟ್ಟದ್ದು ಖಾಲಿ ವಹಿ.
ಒಂದು ಕೂಸು ಆರಿಸ್ಕೋ. ಹತ್ತು ನಿಮಿಷ ನೋಡು.
ಕಂಡದ್ದಷ್ಟ ಬರಿ. ಅನಿಸಿದ್ದು ಬ್ಯಾಡ.

ಕನ್ನಡದಾಗ ಬರದೆ, ಹಿಂದಿಯೊಳಗ ಓದಿ ಹೇಳಿದೆ:
ಸೈಫನ್ ಹಟಮಾರಿ. ಅವ್ವ ಲಕ್ಷ್ಯ ಕೊಡೂದಿಲ್ಲ.
ಎಲ್ಲಿ, ಬೆರಳಿಟ್ಟು ತೋರಿಸು, ಅಂದ್ರು.
ಓದಾಕ ಬಾರದ ಅಕ್ಷರದ ಕೆಳಗ
ಅವರ ಕೆಂಪು ಗೆರಿ ಸರಿಯಾದ ಜಾಗಾಕ್ಕ ಬಿತ್ತು.
ಹಟ ನಿನಗ ಹೆಂಗ ಕಾಣಿಸ್ತು? ಯಾವ ಬಣ್ಣ ಇತ್ತು?

ಎರಡನೇ ಸಲ:
೯-೧೦. ಸೈಫನ್ ಚಪ್ಪಲಿ ಬಿಟ್ಟ.
೯-೧೨. ಎಲ್ಲಾರ ಚಪ್ಪಲಿ ಜೋಡಿ ಮಾಡಿಟ್ಟ. ಒಂದು ಉಳೀತು.
೯-೧೫. ಉಳದದ್ದನ್ನ ಎದಿಗೆ ಹಿಡಕೊಂಡು ಬಾಗಲ ನೋಡಿದ.
೯-೧೯. ಇನ್ನೂ ನೋಡಾಕತ್ತಾನ.
ಟೀಚರ್ ಗೆರಿ ಎಳೀಲಿಲ್ಲ. ಕನ್ನಡಕ ತಗದಿಟ್ಟು
ಇಬ್ಬರಿಗೂ ಚಾ ತರಿಸಿದರು.

ಹೆಬ್ಬೆರಳು ತೋರಬೆರಳು ಕೂಡಿಸಿ ಒಂದು ಕಾಳು ಎತ್ತೂದಕ್ಕ
ಪುಸ್ತಕದಾಗ ಅರ್ಧ ಪುಟದಷ್ಟು ಹೆಸರದ.
ನಮ್ಮವ್ವ ಅದಕ್ಕ
ಅಕ್ಕಿ ಆರಸು ಬಾ, ಅಂತಿದ್ಲು.

ವಹಿ ಮನಿಗೂ ಬಂತು.
ಗಂಡಗ ಇದೆಲ್ಲಾ ಸೇರೂದಿಲ್ಲ ಅಂತ ಬರಿಯಾಕ ಕುಂತೆ.
ಬರದದ್ದು: ೧೦-೪೦. ಬಂದರದಿಂದ ಬಂದ. ಕಾಲು ತೊಳದ.
ಆನಿ ತಗೊಂಡು ತಿರುವಿ ನೋಡಿದ.
ಸೊಂಡಿಲಕ್ಕ ಹತ್ತಿ ತುಂಬಿದ. ಏನೂ ಅನಲಿಲ್ಲ.

ಪರೀಕ್ಷಾ ದಿನ ಪಣಜಿಯಿಂದ ಬಂದ ಮೇಡಮ್ಮು
ಮೂಲ್ಯಾಗ, ಮಕ್ಕಳ ಕುರ್ಚಿ ಮ್ಯಾಲೆ,
ಮೊಣಕಾಲು ಗದ್ದಕ್ಕ ತಾಗೂಹಂಗ ಕುಂತ್ರು.
ನನ್ನ ಪಾಠ: ಸಣ್ಣದು, ದೊಡ್ಡದು. ಇಪ್ಪತ್ತು ನಿಮಿಷ.
ಆರನೇ ನಿಮಿಷಕ್ಕ ದಾಬೋಳಿಯಿಂದ ಎದ್ದ ವಿಮಾನ
ನಮ್ಮ ತಗಡು ನಡುಗಿಸಿ ಹಾದು ಹೋತು.
ಹತ್ತೊಂಬತ್ತು ಮಕ್ಕಳೂ ಕಿಟಕಿಗೆ. ಮುಚ್ಚಳ ನೆಲದ ತುಂಬ.
ಕರೀಬೇಕಿತ್ತು.
ಕರೀಲಿಲ್ಲ. ನಾನೂ ಹೋಗಿ ನಿಂತೆ.
ದೊಡ್ಡದು! ಅಂದ ಒಬ್ಬ.
ಈಗ ಸಣ್ಣದು, ಅಂದ್ಲು ಇನ್ನೊಬ್ಬಾಕಿ.
ಇಲ್ಲ, ಅದು ಅಷ್ಟ ಅದ. ದೂರ ಹೋತು.
ಇದು ಸೈಫನ್.
ಹಿಂದ ಮೇಡಮ್ಮಿನ ಪೆನ್ನು ಸರಸರ ಅಂದದ್ದು ಕೇಳಿಸ್ತು.
ಕಂಡದ್ದು ಬರದ್ರೋ, ಅನಿಸಿದ್ದೋ.

ಪಾಸಾತು. ಕಾಗದದ ಮ್ಯಾಲೆ ದುರಗವ್ವ ಹೋಗಿ
ದುರ್ಗಾವಾ ಆಗೇನಿ. ಇರಲಿ.
ಈಗ ಮಕ್ಕಳ ಮುಂದ ನಿಂದರತೀನಿ,
ಹೆಚ್ಚು ಹೊತ್ತು ಕುಂತ ಇರತೀನಿ, ಅವರ ಎತ್ತರಕ್ಕ.
ಆ ಒಂಟಿ ಚಪ್ಪಲಿ, ನೀಲಿದು, ಸೈಫನ್ನನ ಕಾಲಿಗಿಂತ ಸಣ್ಣದು,
ಬಾಗಲ ಹಿಂದಿನ ಮೊಳಿಗೆ ತೂಗಹಾಕೀನಿ.
ದಿನಾ ಬಂದು ಮುಟ್ಟಿ ನೋಡ್ತಾನ, ಆಮ್ಯಾಲೆ ಒಳಗ ಬರ್ತಾನ.
ಯಾರದು ಅಂತ ನನಗ ಅನಿಸ್ತದ.
ಬರದಿಲ್ಲ.