ಎಂಬತ್ತೇಳನೆಯ ಫಲಕ

ವಾಲ್ಪರೈಸೊ ಬಂದರಿನ ಹಳೆಯ ಸುಂಕದಕಟ್ಟೆಯಲ್ಲಿ
ಈ ಸಲ ಕಣ್ಣಿನವರ ಸಭೆ.
ಕಣ್ಣಿನವರು ಅಂದರೆ ನಾವೇ,
ಮೀನಿನ ಕಣ್ಣು, ನೊಣದ ಕಣ್ಣು,
ಕತ್ತಲಲ್ಲೇ ಹುಟ್ಟಿ ಸಾಯುವ ಗುಹೆಮೀನಿನ ಇಲ್ಲದ ಕಣ್ಣು
ಬಿಡಿಸಿ, ಬಣ್ಣ ಹಚ್ಚಿ, ಎಣಿಸಿ ಮುದುಕರಾದವರು.

ಅರ್ಜಿ ಬಂದದ್ದು ಅರವತ್ತಮೂರು.
ಹಣ ಇದ್ದದ್ದು ಒಂಬತ್ತು ಮಂದಿಗೆ.
ನಾನು ಖಜಾಂಚಿ, ಒರ್ತೆನ್ಸಿಯಾ.
ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು
ಭೂತಗನ್ನಡಿ ಹಿಡಿದು, ತಲೆ ಓರೆ ಮಾಡಿ ಓದಿದೆ.
ವಿಮಾನ ಕೇಳಿದವರನ್ನು ಬಸ್ಸಿಗೆ ಇಳಿಸಿದೆ,
ಹೋಟೆಲು ಕೇಳಿದವರನ್ನು ಗೆಳತಿಯರ ಮನೆಗೆ ಹಂಚಿದೆ,
ಒಂಬತ್ತನ್ನು ಹದಿನಾಲ್ಕು ಮಾಡಿದೆ.
ಉಳಿದ ನಲವತ್ತೊಂಬತ್ತು ಹೆಸರು
ಈಗಲೂ ನಿದ್ದೆಯಲ್ಲಿ ಸಾಲಾಗಿ ಬಂದು ನಿಲ್ಲುತ್ತವೆ.
ಬೈಯುವುದಿಲ್ಲ. ಅದೇ ಕಷ್ಟ.

ಹದಿನಾಲ್ಕರಲ್ಲಿ ಒಬ್ಬಳು ಮಿಲ್ಲಾರಾಯ್.
ತೆಮೂಕೊದಿಂದ ರಾತ್ರಿಯಿಡೀ ಬಸ್ಸು.
ಅವಳ ಫಲಕ ಕಾಗದದ್ದಲ್ಲ, ಬಟ್ಟೆಯದು;
ಮದುವೆಗೂ ಚುನಾವಣೆಗೂ ಬ್ಯಾನರ್ ಹೊಡೆಯುವವನು
ಕಡಿಮೆ ದುಡ್ಡಿಗೆ ಹೊಡೆದುಕೊಟ್ಟು,
ಪಾಪ, ಪ್ರೀತಿಗೆ
ಸುತ್ತಲೂ ಗುಲಾಬಿ ಅಂಚು ಸೇರಿಸಿದ್ದಾನೆ.
ಸಿಕ್ಕಿದ ಜಾಗ ಎಂಬತ್ತೇಳು:
ಕೊನೆಯ ಸಾಲು, ಶೌಚಾಲಯದ ಬಾಗಿಲ ಪಕ್ಕ.
ಒಳಗೆ ಕೈ ಒಣಗಿಸುವ ಯಂತ್ರ ಊಳಿಟ್ಟಾಗಲೆಲ್ಲ
ಅವಳ ವಾಕ್ಯದ ಕ್ರಿಯಾಪದ ಹಾರಿಹೋಗುತ್ತದೆ.

ದೊಡ್ಡವರು ಆ ಕಡೆ ಬರುತ್ತಾರೆ, ಬೇರೆ ಕೆಲಸಕ್ಕೆ.
ಹೋಗುವಾಗ ಒದ್ದೆ ಕೈ ಕೊಡವುತ್ತ
ಗುಲಾಬಿಯ ಮೇಲೆ ಕಣ್ಣು ಹಾಯಿಸಿ
ಮುಗುಳ್ನಕ್ಕು
ಕಾಫಿಯತ್ತ.

ನಾನು ಹೋಗಿ ನಿಂತೆ.
ನಡುವೆ ಏನು ಬರೆದಿದ್ದೀ, ಅಂದೆ.
ಬೆದರಿದಳು, ತಪ್ಪು ಕಂಡಿತೇನೋ ಎಂದು.
ನನ್ನ ಕಣ್ಣಿನ ನಡುಮನೆ ಖಾಲಿಯಾಗಿ ಎರಡು ವರ್ಷ, ಮಗಳೇ.
ಯಾವ ಚುಕ್ಕೆಯ ಬಗ್ಗೆ ಮೂವತ್ತು ವರ್ಷ ಪಾಠ ಹೇಳಿದೆನೋ
ಅದೇ ಚುಕ್ಕೆ ಸವೆದುಹೋಯಿತು.
ಯಾರ ಮುಖ ನೋಡಹೊರಟರೂ ಅಲ್ಲೊಂದು ಬೂದು ಹೊಗೆ;
ಸುತ್ತ ಕಿವಿ, ಕೂದಲು, ಭುಜ, ಹಿಂದಿನ ಕಿಟಕಿ.
ನಿನ್ನ ಫಲಕದಲ್ಲಿ ನನಗೆ ಕಾಣುವುದು ಗುಲಾಬಿ.
ಚೆನ್ನಾಗಿದೆ. ಉಳಿದದ್ದು ನೀನು ಹೇಳು.

ಹೇಳಿದಳು. ಮೊದಲು ಉರು ಹೊಡೆದ ಇಂಗ್ಲಿಷಿನಲ್ಲಿ,
ಆಮೇಲೆ ನಮ್ಮ ಸ್ಪ್ಯಾನಿಷಿಗೆ ಇಳಿದು,
ಆಮೇಲೆ ಕೈಗಳಲ್ಲಿ.
ದೇಗು ಎಂಬ ನಮ್ಮ ಗುಡ್ಡದ ಇಲಿ;
ನೇರಳೆಯಾಚೆಯ ಬೆಳಕು ಅದಕ್ಕೆ ಕಾಣುತ್ತದೆ;
ಜೊತೆಯವು ಈಗಷ್ಟೇ ಹೊಯ್ದ ಉಚ್ಚೆ
ಅದರ ಕಣ್ಣಿಗೆ ಹೊಳೆಯುವ ದಾರಿ.
ಮರಿಗೆ ಆ ದಾರಿ ಎಂದಿನಿಂದ ಕಾಣುತ್ತದೆ?
ಇವಳ ಬಳಿ ಇದ್ದದ್ದು ಹನ್ನೊಂದೇ ಮರಿ.
ಸಾಲದು ಅಂತಾರೆ, ಅಂದಳು.

ಉಚ್ಚೆ ಎನ್ನುವಾಗ ತಲೆ ತಗ್ಗಿಸಿದ್ದಳು.
ಎತ್ತು, ಅಂದೆ.
ಮುಂದೆ ಹೋದವರು ಬಿಟ್ಟದ್ದನ್ನು ನೋಡಿಕೊಂಡು
ಹಿಂದಿನವರು ನಡೆಯುವುದು ನಮ್ಮಲ್ಲೂ ಇದೆ,
ನಾವು ಅದಕ್ಕೆ ಆಕರಸೂಚಿ ಅನ್ನುತ್ತೇವೆ.

ನಕ್ಕಳು. ಯಂತ್ರ ಊಳಿಟ್ಟಿತು.
ಬಾಗಿಲು ತೆರೆದು ಒಬ್ಬ ಹೊರಬಂದ. ತೋಳು ಹಿಡಿದೆ.
ಮುಖ ಕಾಣಲಿಲ್ಲ, ಕೊರಳಪಟ್ಟಿಯ ಕೆಂಪು ಕಂಡಿತು,
ಮುಖ್ಯ ಭಾಷಣದವನು.
ಕಣ್ಣು ಹೋದ ಮುದುಕಿಯ ಕೈ ಬಿಡಿಸಿಕೊಳ್ಳುವುದು
ಸಭ್ಯರಿಗೆ ಕಷ್ಟ. ನಿಂತ.
ಮೊದಲು ನನಗಾಗಿ, ಆಮೇಲೆ ಇಲಿಗಾಗಿ.
ಒಂದು ಪ್ರಶ್ನೆ ಕೇಳಿದ, ಗಟ್ಟಿ ಪ್ರಶ್ನೆ.
ಗೊತ್ತಿಲ್ಲ, ಅಂದಳು ಮಿಲ್ಲಾರಾಯ್,
ಒಂದಕ್ಷರವೂ ಹಾರದಂತೆ.
ಅವನು ಜೇಬಿನಲ್ಲಿ ಪೆನ್ನು ಹುಡುಕಿದ.

ಮಂಕು ನಕ್ಷತ್ರವನ್ನು ನೇರ ದಿಟ್ಟಿಸಿದರೆ ಮಾಯ.
ತುಸು ಪಕ್ಕಕ್ಕೆ ನೋಡಿದರೆ ಅಲ್ಲೇ ಇರುತ್ತದೆ.
ಕಡೆಗಣಿಸಿದ್ದು ಕಾಣಲು ಕಡೆಗಣ್ಣೇ ಬೇಕು.
ಇದು ನನ್ನ ದೊಡ್ಡಗುಣವಲ್ಲ,
ನನಗೆ ಉಳಿದಿರುವುದೇ ಅಷ್ಟು.

ಸಂಜೆ ಬಸ್ಸಿನ ಚೀಟಿ ತಂದಳು,
ಮಡಿಚಿ ಮಡಿಚಿ ಉಗುರಿನಷ್ಟಾಗಿತ್ತು.
ಕಿಟಕಿಯ ಬೆಳಕಿಗೆ ಹಿಡಿದು ಓರೆಯಾಗಿ ಓದಿದೆ.
ಹೊರಗೆ ಕಟ್ಟೆಯ ಕೆಳಗೆ ಕಡಲಸಿಂಹಗಳ ಜಗಳ.
ಬ್ಯಾನರಿನ ಚೀಟಿ ಎಲ್ಲಿ?
ಅದಕ್ಕೆ ಕಾಲಂ ಇರಲಿಲ್ಲ, ಅಂದಳು.
ಗೆರೆ ಎಳೆದೆ, ಸೊಟ್ಟಗೆ.
ಬಸ್ಸು, ಇಷ್ಟು.
ಬಟ್ಟೆ, ಇಷ್ಟು.
ಗುಲಾಬಿ, ಉಚಿತ.